ಪಾದ್ರಿಗಳ ಕಾಲೇಜಿಗೆ ಅವ್ವನ ಒಪ್ಪಿಗೆ

ಹೊಸದುರ್ಗ, ೧೯೧೨ ಜೂನ್ ೧೭, ಸೋಮವಾರ ರಾತ್ರಿ

ಅವ್ವ ಒಪ್ಪಿಬಿಟ್ಟಳು. ಅದಕ್ಕೇ ನಿದ್ದೆ ಬರುತ್ತಿಲ್ಲ.

ಮದ್ರಾಸು ಕಡೆಯ ಆ ಕಥೋಲಿಕ ಪಾದ್ರಿಗಳ ಕಾಲೇಜಿನಲ್ಲಿ ಎಂ.ಎ. ಓದುವವರು ಹಾಸ್ಟೆಲಿನಲ್ಲೇ ಇರಬೇಕು, ಬೆಳಿಗ್ಗೆ ಗಂಟೆ ಹೊಡೆದ ಕೂಡಲೇ ಊಟದ ಮನೆಗೆ ಬರಬೇಕು. ನಮ್ಮದೋ, ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ಮನೆ. ಅವ್ವ ಕಳಿಸುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಆ ಮಾತು ಕಿವಿಗೆ ಬಿದ್ದು, ಇವತ್ತು ಅಲ್ಲಿಯ ಪಾದ್ರಿಯೊಬ್ಬರು ಅವ್ವನನ್ನು ಒಪ್ಪಿಸಲು ಮನೆಗೇ ಬಂದರು. ಅವ್ವ ಬಾಗಿಲ ಮರೆಯಿಂದ ಕೇಳಿದಳು: “ನಮ್ಮುಡ್ಗ ಪೂಜೆ ಮುಗಿಸೋತನಕ ನಿಮ್ಮ ಗಂಟೆ ಕಾಯ್ತೈತೇನ್ರಿ?”

ಪಾದ್ರಿ ನಕ್ಕರು. “ಕಾಯುತ್ತದೆ ತಾಯಿ. ನಾವೂ ಬೆಳಗಿನ ಪೂಜೆಗೆ ಮುಂಚೆ ತೊಟ್ಟು ನೀರು ಕುಡಿಯುವುದಿಲ್ಲ.”

ಅವ್ವ ಮರೆಯಿಂದ ಈಚೆಗೇ ಬಂದಳು. “ಇವ್ರೂ ನಮ್ಮಂಗೇ ಅದಾರಲ್ಲೋ! ಹೋಗಪ್ಪ, ಓದ್ಕಂಡು ಬಾ.”

ಬಿ.ಎ.ಯನ್ನೇ ಎರಡನೇ ಸಲಕ್ಕೆ ಪಾಸು ಮಾಡಿದವನು ನಾನು. ಅಲ್ಲಿ ನಪಾಸಾದರೆ ಎಂಬ ಹೆದರಿಕೆಯನ್ನು ಇಷ್ಟು ದಿನ ಅವ್ವನ ಸೆರಗಿನ ಹಿಂದೆ ಬಚ್ಚಿಟ್ಟಿದ್ದೆ. ನಾಳೆ ಪಾದ್ರಿಗೆ ಉತ್ತರ ಹೇಳಬೇಕು. ಬರುವುದಿಲ್ಲ ಎನ್ನಲು ಇನ್ನು ಯಾರ ಹೆಸರು ಹೇಳಲಿ?

ಅವ್ವ ಆಗಲೇ ನನ್ನ ಪೆಟ್ಟಿಗೆಯಲ್ಲಿ ವಿಭೂತಿ ಗಟ್ಟಿ ಇಡುತ್ತಿದ್ದಾಳೆ. ಒಳಗಿನಿಂದಲೇ ಕೇಳುತ್ತಾಳೆ: “ಲೇ, ಅಲ್ಲಿ ಪೂಜೆಗೆ ಬಿಲ್ಪತ್ರೆ ಸಿಗ್ತೈತೇನು?”

ಸಿಗುವುದಿಲ್ಲ ಎಂದುಬಿಟ್ಟರೆ...