ಉಡಿಯಲ್ಲಿಟ್ಟ ಹೊಳೆಗಲ್ಲು

ದಾಂಡೇಲಿ,
ಶುಕ್ರವಾರ, ೧೦-೧೧-೧೯೭೮

ಪ್ರೀತಿಯ ಪಾವ್ಲು ಅಣ್ಣಾ,

ನಿನ್ನ ತಂಗಿ ಮಾಗ್ದೆಲಿ ಬರೆಯುತ್ತಿರುವುದು. ನಿನ್ನ ಮೈ ಹೇಗಿದೆ? ಕೆಮ್ಮು ಪೂರ್ತಿ ಹೋಯಿತೋ, ಬೆಳಗಿನ ಹೊತ್ತು ಇನ್ನೂ ಬರುತ್ತದೆಯೋ? ಊಟ ಸೇರುತ್ತದೆಯೇ? ನಾನೂ ಆರಾಮ ಇದ್ದೇನೆ. ಅವ್ವನೂ ಆರಾಮ. ಹೋದ ಭಾನುವಾರ ತೇರಗಾಂವದವರೆಗೆ ಬಸ್ಸಿನಲ್ಲಿ, ಅಲ್ಲಿಂದ ನಡೆದು ಊರಿಗೆ ಹೋಗಿ ಬಂದೆ. ನಿನ್ನ ಹಳೆಯ ನೀಲಿ ಅಂಗಿಯನ್ನು ಹರಿದು ಅವ್ವ ಕೌದಿಗೆ ಹಾಕಿದ್ದಾಳೆ. ಕೌದಿ ಮುಗಿದಿದೆ, ನಾಲ್ಕು ಮೂಲೆಗೆ ಬಟ್ಟೆಯ ಹೂವು ಮಾತ್ರ ಹಚ್ಚಿಲ್ಲ. ಮೂಲೆಗೆ ಹೂವಿಲ್ಲದ ಕೌದಿ ಬತ್ತಲೆ ಎಂದು ಊರವರನ್ನೆಲ್ಲ ಬೈಯುವವಳು ಅವಳೇ. ಯಾಕೆ ಬಿಟ್ಟಿದ್ದೀ ಎಂದು ಕೇಳಿದರೆ ನೀನು ಬಂದ ಮೇಲೆ ಹಚ್ಚುತ್ತೇನೆ ಎನ್ನುತ್ತಾಳೆ.

ನಿನ್ನ ಎರಡು ಪತ್ರ ಬಂದವು. ಎರಡರಲ್ಲೂ ಅವೇ ಮಾತು. ಆರಾಮ ಇದ್ದೇನೆ, ಗೋವೆಯ ಗಣಿಯಲ್ಲಿ ಕೆಲಸ ಚೆನ್ನಾಗಿದೆ, ದಿನಾ ಮೀನು ಉಣ್ಣುತ್ತೇನೆ. ಓದಿ ಹೇಳಿದಾಗ ಅವ್ವನಿಗೆ ಬಹಳ ಸಂತೋಷವಾಯಿತು. ನನಗೆ ಅಷ್ಟು ಆಗಲಿಲ್ಲ, ಸಿಟ್ಟಾಗಬೇಡ. ನಾವಿಬ್ಬರೂ ಒಂದೇ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದವರು, ನಿನ್ನ ಅಕ್ಷರ ನನಗೆ ಗೊತ್ತು. ನೀನು ಬರೆದರೆ ಸಾಲು ಬಲಕ್ಕೆ ಹೋದಹಾಗೆ ಕೆಳಗೆ ಇಳಿಯುತ್ತದೆ. ಮಾಸ್ತರರು ಬೆರಳಿನ ಗಂಟಿಗೆ ಹೊಡೆದರೂ ಅದು ಹೋಗಲಿಲ್ಲ. ಈ ಎರಡೂ ಪತ್ರಗಳಲ್ಲಿ ಸಾಲು ಹಲಗೆಯ ಅಂಚಿನ ಹಾಗೆ ನೆಟ್ಟಗಿದೆ. ಯಾರು ಬರೆದುಕೊಟ್ಟರು? ನಿನ್ನ ಕೈಗೆ ಏನಾಗಿದೆ? ಇರಲಿ, ಇಲ್ಲಿಯ ಸುದ್ದಿ ಬರೆಯುತ್ತೇನೆ.

ನೀನು ಬಿಟ್ಟ ಸಾಮಿಲ್ಲಿನಲ್ಲೇ ಇದ್ದೇನೆ. ಹಲಗೆ ಹೊರುವುದು, ಮರದ ಹೊಟ್ಟು ಗುಡಿಸುವುದು, ಅದೇ ಕೆಲಸ. ಕೆಮ್ಮುವವರ ಹೆಸರು ಬರೆದುಕೊಳ್ಳುತ್ತಿದ್ದ ಹಳೆಯ ಕಾರಕೂನ ಹೋದ. ಅವನ ಪಟ್ಟಿಯಲ್ಲಿ ಮೊದಲ ಹೆಸರು ನಿನ್ನದಿತ್ತು. "ಆರಾಮ ಆಗಿ ಬಾ, ನಿನ್ನ ಜಾಗಾ ಎಲ್ಲಿ ಓಡಿ ಹೋಗತೈತಿ" ಎಂದು ಅವನು ಹೇಳಿದ್ದು, ನೀನು ಹದಿನೈದು ದಿನ ಬಿಟ್ಟು ಬಂದಾಗ ಗರಗಸದ ಮುಂದೆ ಬೇರೆಯವನು ನಿಂತಿದ್ದು, ಎರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಈಗ ಅವನ ಜಾಗಕ್ಕೆ ಬಸಲಿಂಗಯ್ಯ ಎಂಬುವರು ಬಂದಿದ್ದಾರೆ. ಹಳಿಯಾಳದ ಕಡೆಯವರು, ಮೊದಲು ಎಲ್ಲೋ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರಂತೆ. ಬಂದ ವಾರದಲ್ಲೇ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೊಸ ಅಭ್ಯಾಸ ಹೇಳಿದರು. ಗುಡಿಸುವ ಮೊದಲು ಹೊಟ್ಟಿನ ಮೇಲೆ ನೀರು ಚಿಮುಕಿಸಬೇಕು. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಬೇಕು. ಬುತ್ತಿಯನ್ನು ಹೊಟ್ಟಿನ ಗುಡ್ಡೆಯ ಮೇಲೆ ಕುಳಿತು ಬಿಚ್ಚಬಾರದು, ಕೈ ತೊಳೆದು ಹೊರಗೆ ಮತ್ತಿಮರದ ಕೆಳಗೆ ಹೋಗಬೇಕು. ತಂಬಾಕು ಉಗುಳುವವರು ಸುಣ್ಣ ಹಾಕಿಟ್ಟ ಡಬ್ಬಿಯಲ್ಲೇ ಉಗುಳಬೇಕು. ಗಂಟೆ ಹೊಡೆದಾಗಲೆಲ್ಲ ಒಂದು ಚರಿಗೆ ನೀರು ಕುಡಿದು, ಬಗ್ಗಿದ ಬೆನ್ನು ನೆಟ್ಟಗೆ ಮಾಡಿ ಐದು ನಿಮಿಷ ನಿಲ್ಲಬೇಕು.

ಯಾರು ನಂಬುತ್ತಾರೆ, ನೀನೇ ಹೇಳು. ನನ್ನ ಜೊತೆ ಹಲಗೆಯ ಇನ್ನೊಂದು ತುದಿ ಹಿಡಿಯುವವಳು ಸಕ್ಕುಬಾಯಿ. ನಿನ್ನನ್ನು 'ಕರೇ ಸಾಹೇಬ' ಎಂದು ಕಾಡುತ್ತಿದ್ದಳಲ್ಲ, ಅವಳೇ. "ನಮ್ಮ ಗಂಡಂದ್ರಿಗೇ ಇಲ್ಲದ ಪ್ರೀತಿ ಇವ್ನಿಗೆ ಯಾಕ ಉಕ್ಕೇತಿ? ಸಂತಿಗೆ ಹೊಡಕೊಂಡ ಹೋಗೂ ಮುಂದ ಎಮ್ಮಿಗೆ ಉಪ್ಪ ತಿನಿಸಿ ನೀರ ಕುಡಸತಾರಲ್ಲ, ಹಂಗ ಐತಿ ಇದು" ಎಂದಳು. ಹೆಂಗಸರು ನೀರು ಕುಡಿಯದೆ ಇರಲು ಇನ್ನೊಂದು ಕಾರಣವೂ ಇತ್ತು. ಕುಡಿದರೆ ಹೋಗುವುದು ಎಲ್ಲಿ? ಪೊದೆಯ ಕಡೆ ಹೊರಟರೆ ಕಾವಲುಗಾರ ಗಡಿಯಾರ ನೋಡುತ್ತಿದ್ದ. ನಾಚಿಕೆ ಬಿಟ್ಟು ಇದನ್ನು ಯಾರೋ ಹೇಳಿದರು, ನಾನಲ್ಲ. ಎಂಟು ದಿನದಲ್ಲಿ ಬಸಲಿಂಗಯ್ಯನವರು ಬಿದಿರಿನ ತಟ್ಟಿ ಕಟ್ಟಿಸಿ ಮರೆ ಮಾಡಿಸಿದರು. ಸಕ್ಕುಬಾಯಿ ಅದರ ಸುತ್ತ ಮೂರು ಸುತ್ತು ಬಂದು, ಬೆರಳು ಹೋಗುವಷ್ಟು ಸಂದಿ ಇದ್ದಲ್ಲೆಲ್ಲ ಚಿಂದಿ ತುರುಕಿ ಬಂದಳು. ಆಮೇಲೆಯೇ ನಾವು ಒಳಗೆ ಕಾಲಿಟ್ಟದ್ದು.

ಒಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ನೀರು ಚಿಮುಕಿಸಲು ಶುರು ಮಾಡಿದ ಮೇಲೆ ಸಂಜೆ ನನ್ನ ಕಣ್ಣು ಉರಿಯುವುದು ನಿಂತಿದೆ. ಮರದ ಕೆಳಗೆ ಕುಳಿತು ಉಂಡರೆ ರೊಟ್ಟಿಗೆ ರೊಟ್ಟಿಯ ರುಚಿಯೇ ಇರುತ್ತದೆ, ಹೊಟ್ಟಿನದಲ್ಲ. ಇದನ್ನು ಸಕ್ಕುಬಾಯಿಗೆ ಹೇಳಿಲ್ಲ. ಸುಖವಾದಾಗಲೇ ನನಗೆ ಹೆಚ್ಚು ಅನುಮಾನ ಬರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ತೂಕ. ತಿಂಗಳಿಗೊಮ್ಮೆ ಶನಿವಾರ ನಮ್ಮನ್ನು ಕಟ್ಟಿಗೆ ತೂಗುವ ಕಾಟಾದ ಮೇಲೆ ನಿಲ್ಲಿಸಿ ಒಂದು ಉದ್ದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮೊದಲ ಸಲ ಸಕ್ಕುಬಾಯಿ ಹತ್ತಿ ನಿಂತು, "ನಮ್ಮನ್ನ ಯಾವ ಭಾವಕ್ಕ ಹಾಕ್ತೀರ್ರಿ ಸಾಹೇಬ್ರ? ಸಾಗವಾನಿ ಭಾವಕ್ಕೋ, ಉರವಲ ಭಾವಕ್ಕೋ?" ಎಂದಳು. ಅವರು ತಲೆ ಎತ್ತದೆ, "ಬಾಯಿ ಒಂದ ತೂಗಿದ್ರ ಸಾಗವಾನಿ, ಸಕ್ಕುಬಾಯಿ. ಮೈ ತೂಗಿದ್ರ ಉರವಲ. ಹೊಟ್ಟಿ ತುಂಬ ಉಣ್ಣು" ಎಂದರು. ಎಲ್ಲರೂ ನಕ್ಕರು. ಆದರೆ ಆಮೇಲೆ ಅವರು ಹೇಳಿದ್ದು ಕೇಳಿ ನಗು ನಿಂತಿತು. "ಯಾರ ತೂಕ ಇಳೀತೈತಿ ನೋಡಿ ಜಿಲ್ಲಾದಿಂದ ವ್ಯಾನ ಕರಸತೇನಿ. ಎದಿ ಫೋಟೋ ತಗೀತಾರ. ಔಷಧ ಸರಕಾರದ್ದು. ಆರಾಮ ಆಗಿ ಬರ್ರಿ, ನಿಮ್ಮ ಜಾಗಾ ಎಲ್ಲೂ ಹೋಗೂದಿಲ್ಲ." ಅಣ್ಣಾ, ಅದೇ ಮಾತು. ನಿನಗೆ ಹೇಳಿದ್ದ ಅದೇ ಮಾತು.

ಎರಡನೇ ತಿಂಗಳು ಮೋತಿಬಾಯಿಯ ತೂಕ ಒಂದು ಕಿಲೋ ಇಳಿದಿತ್ತು, ಅವಳ ಹೆಸರಿನ ಮುಂದೆ ಕೆಂಪು ಗೀಟು ಬಿತ್ತು. ಸೋಮವಾರ ಅವಳು ಕೆಲಸಕ್ಕೆ ಬರಲಿಲ್ಲ. ಕೇಳಿದರೆ, ಸನವಳ್ಳಿಗೆ ನಾಟಿಗೆ ಹೋಗಿದ್ದಾಳೆ ಎಂದು ಬಸಲಿಂಗಯ್ಯನವರು ಹೇಳಿದರು. ಯಾರೂ ನಂಬಲಿಲ್ಲ. ಕೆಂಪು ಗೀಟು ಬಿದ್ದರೆ ಮನೆಗೆ ಎಂದು ನಮ್ಮೊಳಗೆ ತೀರ್ಮಾನವಾಗಿಹೋಯಿತು. ಮೂರನೇ ತಿಂಗಳಿಂದ ಹೆಂಗಸರೆಲ್ಲ ತೂಕದ ದಿನ ಹೊಳೆಯ ಕಲ್ಲು ತಂದು ಸೀರೆಯ ಉಡಿಯಲ್ಲಿ ಕಟ್ಟಿಕೊಂಡು ಹತ್ತತೊಡಗಿದರು. ಕಾಳಿ ಹೊಳೆಯ ಕಲ್ಲು ನುಣ್ಣಗಿರುತ್ತದೆ, ಒಂದಕ್ಕೊಂದು ತಾಗಿದರೂ ಸದ್ದಾಗದ ಹಾಗೆ ನಡುವೆ ಚಿಂದಿ ಇಡುತ್ತೇವೆ. ಎಲ್ಲರ ತೂಕವೂ ಏರಿತು. ಬಸಲಿಂಗಯ್ಯನವರ ಮುಖ ಅರಳಿತು. ಮೋತಿಬಾಯಿ ನಾಟಿ ಮುಗಿಸಿ ಮರಳಿ ಬಂದಳು, ಅವಳ ಜಾಗ ಅವಳಿಗೇ ಸಿಕ್ಕಿತು. ಆದರೂ ಸಕ್ಕುಬಾಯಿ, "ಅಕೀನ್ನ ನಮಗ ತೋರಸಾಕ ಇಟ್ಕೊಂಡಾನ" ಎಂದಳು. ಕಲ್ಲು ಬಿಡಲು ಯಾರಿಗೂ ಧೈರ್ಯ ಬರಲಿಲ್ಲ.

ಆ ಪುಸ್ತಕದಲ್ಲಿ ನಿಜವಾಗಿ ಏನಿದೆ ಎಂದು ತಿಳಿಯಬೇಕಿತ್ತು. ಹೆಂಗಸರಲ್ಲಿ ಓದಲು ಬರುವುದು ನನಗೊಬ್ಬಳಿಗೆ. "ನೀ ನಾಕನೇತ್ತಾ ಕಲ್ತಾಕಿ, ಹೋಗಿ ನೋಡಿ ಬಾರ" ಎಂದು ಸಕ್ಕುಬಾಯಿ ದಿನಾ ತಿವಿಯುತ್ತಿದ್ದಳು. ನನ್ನ ಸ್ವಭಾವ ನಿನಗೆ ಗೊತ್ತು, ಇಗರ್ಜಿಯಲ್ಲಿ ಪಾದ್ರಿಗಳು ಹೆಸರು ಕೇಳಿದರೂ ನಾನು ಅವ್ವನ ಹಿಂದೆ ಸರಿಯುವವಳು. ಕೊನೆಗೆ ಹೋದ ಬುಧವಾರ ಅವರು ಹೊರಗೆ ಲಾರಿ ತುಂಬಿಸುತ್ತಿದ್ದಾಗ, ಗುಡಿಸುವ ನೆಪದಲ್ಲಿ ಅವರ ಕೋಣೆಗೆ ಹೋದೆ. ಪುಸ್ತಕ ಮೇಜಿನ ಮೇಲೆಯೇ ಇತ್ತು. ಮೊದಲ ಪುಟದಲ್ಲಿ ನಿನ್ನ ಹೆಸರು ಕಂಡು ಪೊರಕೆ ಕೆಳಗಿಟ್ಟೆ. ಬಿಡಿಸಿ ಬಿಡಿಸಿ ಓದಿದೆ. 'ಪಾವ್ಲು ಎಂಬ ಆಳನ್ನು ಕೆಮ್ಮು ಇದೆಯೆಂದು ತಪಾಸಣೆ ಇಲ್ಲದೆ ಕಳುಹಿಸಲಾಗಿದೆ. ಇನ್ನು ಮುಂದೆ ಹಾಗಾಗಬಾರದು. ಆದ್ದರಿಂದ ಈ ಪುಸ್ತಕ.' ಒಳಗೆ ನಮ್ಮೆಲ್ಲರ ತೂಕ. ಕೊನೆಯಲ್ಲಿ ಡಾಕ್ಟರರಿಗೆ ಬರೆದ ಪತ್ರದ ನಕಲು. ಒಳ್ಳೆಯ ಅಭ್ಯಾಸಗಳಿಂದ ಹೆಂಗಸರ ತೂಕ ತಿಂಗಳು ತಿಂಗಳು ಹೆಚ್ಚುತ್ತಿದೆ, ಯಾರಲ್ಲೂ ಕಾಯಿಲೆ ಕಾಣುತ್ತಿಲ್ಲ, ಆದ್ದರಿಂದ ಎದೆಯ ಫೋಟೋದ ವ್ಯಾನು ಇಲ್ಲಿಗೆ ಸದ್ಯ ಬೇಡ, ಬೇರೆ ಕಡೆ ಕಳುಹಿಸಬಹುದು ಎಂದಿತ್ತು. ಅಂದರೆ ನಮ್ಮ ಕಲ್ಲುಗಳೇ ವ್ಯಾನನ್ನು ತಿರುಗಿಸಿ ಕಳುಹಿಸಿದ್ದವು.

ಹೊರಗೆ ಬಂದು ಸಕ್ಕುಬಾಯಿಗೆ ಎಲ್ಲ ಹೇಳಿದೆ. ಅವಳು ತಂಬಾಕು ತಿಕ್ಕುತ್ತ, "ನೀ ಓದ್ಲಿ ಅಂತನ ಬರದ ಇಟ್ಟಾನ" ಎಂದಳು. ಸುಳ್ಳು ಹೇಳುವುದಿಲ್ಲ ಅಣ್ಣಾ, ನನಗೂ ಒಂದು ಗಳಿಗೆ ಹಾಗೆಯೇ ಅನಿಸಿತು. ಬಾಗಿಲು ತೆರೆದೇ ಯಾಕೆ ಇತ್ತು? ಪುಸ್ತಕ ಮೇಜಿನ ಮೇಲೆ ಯಾಕೆ ಇತ್ತು? ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ನಿನ್ನ ಹೆಸರಿನ ಮುಂದೆ ಬರೆದದ್ದನ್ನು ನನಗೆ ತೋರಿಸಲೆಂದೇ ಬರೆದಿದ್ದರೆ, ಅಷ್ಟು ಚಿಕ್ಕ ಅಕ್ಷರದಲ್ಲಿ ಬರೆಯುತ್ತಿರಲಿಲ್ಲ.

ಇಷ್ಟು ಸಾಕು, ಕಾಗದ ಮುಗಿಯುತ್ತ ಬಂತು. ಹೊತ್ತು ಹೊತ್ತಿಗೆ ಉಣ್ಣು, ಧೂಳಿನಲ್ಲಿ ಕುಳಿತು ಉಣ್ಣಬೇಡ, ನೀರು ಕುಡಿ. ಅವ್ವ ನಿನ್ನ ಹಣೆಗೆ ಶಿಲುಬೆಯ ಗುರುತು ಹಾಕಿದ್ದಾಳೆಂದು ತಿಳಿದುಕೋ. ಸಕ್ಕುಬಾಯಿ 'ಕರೇ ಸಾಹೇಬ'ನಿಗೆ ನಮಸ್ಕಾರ ತಿಳಿಸು ಎಂದಿದ್ದಾಳೆ.

ನಿನ್ನ ತಂಗಿ,
ಮಾಗ್ದೆಲಿ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಕಟ್ಟಿಗೆ ಲಾರಿಯ ಪೆದ್ರು ಮಾಮ ಇವತ್ತು ಅನಮೋಡ ಘಾಟ ದಾಟಿ ಗೋವೆಗೆ ಹೋಗುತ್ತಾನೆ. ನಿನ್ನ ಕೈಗೇ ಕೊಡಬೇಕು, ಎಲ್ಲಿ ಕೊಟ್ಟೆ ಎಂದು ಬಂದು ನನಗೆ ಹೇಳಬೇಕು ಎಂದು ಮಾತು ತೆಗೆದುಕೊಂಡಿದ್ದೇನೆ. ನಿನ್ನ ಎರಡೂ ಪತ್ರದ ಮೇಲಿನ ಇಂಗ್ಲಿಷ್ ಮುದ್ರೆ ಮಡಗಾಂವದ್ದು ಎಂದು ಅಂಚೆಯವನು ಓದಿ ಹೇಳಿದ. ಅಲ್ಲಿ ಗಣಿ ಎಲ್ಲಿದೆ ಎಂದು ಕೇಳಿದರೆ, "ಗಣಿ ಇಲ್ಲವಾ, ದೊಡ್ಡ ದವಾಖಾನಿ ಐತಿ" ಎಂದ. ಅವ್ವನಿಗೆ ಹೇಳಿಲ್ಲ. ಇನ್ನು ನನ್ನ ಮಾತು. ಕಲ್ಲು ಕಟ್ಟಿಕೊಳ್ಳುವ ಉಪಾಯ ಎಲ್ಲರಿಗೂ ಹೇಳಿಕೊಟ್ಟವಳು ನಾನು. ಮೊದಲ ತಿಂಗಳು ನನ್ನ ತೂಕ ನಲವತ್ತು. ಪುಸ್ತಕದಲ್ಲಿ ಈಗ ನಲವತ್ತೊಂದು ಇದೆ. ಇವತ್ತು ಹಿಟ್ಟಿನ ಗಿರಣಿಯ ಕಾಟಾದ ಮೇಲೆ ಬರಿಮೈಯಲ್ಲಿ, ಅಂದರೆ ಕಲ್ಲಿಲ್ಲದೆ, ನಿಂತು ನೋಡಿದೆ. ಮೂವತ್ತೇಳು. ಸಂಜೆಯಾದರೆ ಮೈ ಬಿಸಿಯಾಗುತ್ತದೆ, ನಿನಗೆ ಆಗುತ್ತಿದ್ದ ಹಾಗೆಯೇ. ಮೇಲೆ ನಾನೂ ಆರಾಮ ಎಂದು ಬರೆದಿದ್ದೇನೆ, ಅದು ನಿನ್ನ 'ಆರಾಮ'ದಂಥದ್ದೇ. ನಾಳೆ ತೂಕ. ನನ್ನ ನಾಲ್ಕೂ ಕಲ್ಲನ್ನು ಹೊಳೆಯ ದಂಡೆಯಲ್ಲಿ ಬಿಟ್ಟು ಬಂದಿದ್ದೇನೆ. ಕೆಂಪು ಗೀಟು ಬೀಳಲಿ, ವ್ಯಾನು ಬರಲಿ, ಕೆಲಸ ಹೋದರೆ ಹೋಗಲಿ. ನೀನು ಮರಳಿ ಬರೆಯುವಾಗ ಮೀನಿನ ವಿಷಯ ಬೇಡ, ಗಣಿಯ ವಿಷಯ ಬೇಡ. ನಿನ್ನ ತೂಕ ಎಷ್ಟು, ಅದೊಂದನ್ನೇ ಬರೆ. ಕೈ ನಡುಗಿದರೂ ನೀನೇ ಬರೆ. ಸಾಲು ಕೆಳಗೆ ಇಳಿದಿದ್ದರೆ ನಂಬುತ್ತೇನೆ.