ಸಂದಿಗೆ ಕೂರದ ಚೈನು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಮೇಲಿಂದ ಮೇಲೆ ಬಂದ ನಿನ್ನ ಪತ್ರಗಳಿಗೆ ಉತ್ತರಿಸದ ಅಕ್ಕ ಈಗ ಯಾವ ಮುಖ ಇಟ್ಟುಕೊಂಡು ಬರೆಯಲಿ? ಬೈಯುವುದಿದ್ದರೆ ಬೈದುಬಿಡು, ಆಮೇಲೆ ಓದು. ಬಾಗಿಲು ಸದ್ದಾದರೆ ಸಾಕು, ಅಮ್ಮ ಮಲಗಿದಲ್ಲಿಂದಲೇ "ದೊಡ್ಡವಳು ಬಂದ್ಲಾ" ಅಂತ ಕೇಳುತ್ತಾಳೆ ಎಂದು ನೀನು ಬರೆದಿದ್ದೆ. ಆ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ.

ನಿನ್ನ ಭಾವನ ಕಣ್ಣಿಗೆ ಮಂಜು ಕವಿದಿದೆ. ಮರ ಕೊಯ್ಯುವ ಯಂತ್ರ ರಿಪೇರಿ ಮಾಡುವವರಿಗೆ ಕಣ್ಣು ಕಾಣದೆಂದರೆ ಗಿರಾಕಿ ನಿಲ್ಲುತ್ತಾರೆಯೇ? ಹಾಗಾಗಿ ಇದು ಗುಟ್ಟು. ಹೊಸ ಚೈನಿಗೆ ಉದ್ದ ಸರಿಯಿದ್ದರೆ ಸಾಲದು. ಕೊಂಡಿಗಳು ಅದನ್ನು ತಿರುಗಿಸುವ ಸ್ಪ್ರಾಕೆಟ್ ಚಕ್ರದ ಹಲ್ಲಿಗೂ ಹೊಂದಬೇಕು, ಅದು ಓಡುವ ಉದ್ದ ಪಟ್ಟಿಯ, ಅಂದರೆ ಬಾರ್‌ನ ಸಂದಿಗೂ ಕೂರಬೇಕು. ಅಳತೆಯನ್ನು ಬಾರ್‌ನ ಬುಡದಲ್ಲಿ ಇರುವೆ ಸಾಲಿನ ಹಾಗೆ ಕೊರೆದಿರುತ್ತಾರೆ. ನಾನು ಮೇಜು ಒರೆಸುವ ನೆಪದಲ್ಲಿ ಓದಿ ಪಿಸುಗುಡುತ್ತೇನೆ, ಅವರು ಅದನ್ನೇ ಗಟ್ಟಿಯಾಗಿ ಹೇಳಿ ಮೀಸೆ ತಿರುವುತ್ತಾರೆ. ಆಪರೇಷನ್ ಮಾತೆತ್ತಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾಲ್ಕು ದಿನ ಅಮ್ಮನನ್ನು ನೋಡಿ ಬರುತ್ತೇನೆ ಎಂದರೆ, ಹೋಗು, ಅಂಗಡಿಗೆ ಬೀಗ ಹಾಕಿಕೊಂಡೇ ಹೋಗು ಅನ್ನುತ್ತಾರೆ.

ನಿನ್ನೆ ನನ್ನ ತಾಳ್ಮೆ ಕೆಟ್ಟಿತು. ಮರ ಕೊಯ್ಯುವ ಉದ್ದಣ್ಣ ಚೈನು ಬದಲಿಸಲು ಬಂದಿದ್ದ. ಬೇಕೆಂದೇ ತಪ್ಪು ಓದಿ, ಇದ್ದದ್ದಕ್ಕಿಂತ ದಪ್ಪದ ಅಳತೆ ಹೇಳಿದೆ. ದಪ್ಪ ಚೈನು ಸಂದಿನೊಳಗೆ ಇಳಿಯುವುದೇ ಇಲ್ಲ, ಯಾರಿಗೂ ಅಪಾಯವಿಲ್ಲ. ಗಿರಾಕಿಯ ಎದುರು ಒಮ್ಮೆ ಮಾನ ಹೋದರೆ ಆಸ್ಪತ್ರೆಗೆ ಹೊರಟಾರು ಅಂದುಕೊಂಡೆ. ಚೈನು ಕೂರಲಿಲ್ಲ. ಅವರು ಅದನ್ನು ಪಕ್ಕಕ್ಕಿಟ್ಟು, ಸಂದಿನಲ್ಲಿ ಉಗುರು ಎಳೆದು, ಸ್ಪ್ರಾಕೆಟ್ಟಿನ ಹಲ್ಲು ಸವರಿದರು. ಗೋಡೆಯ ಮೊಳೆಗಳಲ್ಲಿ ತೂಗುತ್ತಿದ್ದ ಚೈನುಗಳನ್ನು ಮುಟ್ಟಿ ಮುಟ್ಟಿ ಒಂದನ್ನು ಆರಿಸಿ, ಕೊಂಡಿಗಳನ್ನು ಬೆರಳಲ್ಲೇ ಎಣಿಸಿದರು. ಹಾಕಿ ಎಳೆದರೆ ಸರಾಗವಾಗಿ ಸುತ್ತಿತು. ಆಮೇಲೆ ಉದ್ದಣ್ಣನಿಗೆ ಹೇಳಿದರು:

"ಇವಳ ಕಣ್ಣು ಯಾಕೋ ಮಂಜಾಗ್ತಾ ಇದೆ, ಪಾಪ."

ಉದ್ದಣ್ಣ ನನಗೊಬ್ಬ ಒಳ್ಳೆಯ ಡಾಕ್ಟರ ವಿಳಾಸ ಕೊಟ್ಟು ಹೋದ. ನಗು ಬಂದರೆ ನಕ್ಕುಬಿಡು, ನನಗೂ ಬಂತು.

ಅಮ್ಮನ ತಲೆ ಬಾಚುವಾಗ ಸಿಕ್ಕು ನಿಧಾನವಾಗಿ ಬಿಡಿಸು, ಅವಳಿಗೆ ಬೇಗ ನೋಯುತ್ತದೆ. ನಿನ್ನ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆಯಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ
ಅಕ್ಕ

ಮರೆತಿದ್ದು: ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಉದ್ದಣ್ಣ ಹೋದ ಮೇಲೆ ಕೇಳಿದೆ, ಬೆರಳಿಗೇ ಎಲ್ಲ ಗೊತ್ತಾಗುವುದಾದರೆ ನನ್ನನ್ನು ಯಾಕೆ ಕಟ್ಟಿಹಾಕಿದ್ದೀರಿ ಎಂದು. ಕೈ ಒರೆಸಿಕೊಳ್ಳುತ್ತಲೇ ಹೇಳಿದರು, "ಅಲ್ಲಿಗೆ ಹೋದ್ರೆ ನೀನು ವಾಪಸ್ ಬರಲ್ಲ." ಬರುತ್ತೇನೆ ಎನ್ನಬೇಕಿತ್ತು. ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ ಪುಟ್ಟಿ. ಇವತ್ತು ಬೆಳಿಗ್ಗೆ ಇನ್ಯಾರದೋ ಬಾರ್ ನನ್ನ ಕಡೆ ಚಾಚಿದರು. ಸರಿಯಾದ ಅಳತೆಯನ್ನೇ ಓದಿದೆ.