ಹುಟ್ಟಿದ ಊರಿನ ಕಾಲಮು

ಕಾರಟಗಿ
೨೦-೧೧-೨೦೧೯, ನಸುಕಿನ ಎರಡೂ ಮುಕ್ಕಾಲು

ಪ್ರೀತಿಯ ಮರಿಸ್ವಾಮಿ ಅಣ್ಣಾ,

ಕೂಸಿನ ಅಳು ಎಬ್ಬಿಸಿತು. ನನ್ನ ಕೂಸಲ್ಲ, ಮರ್ಜಿನಾಳದು. ಹಾಲು ಕುಡಿಸಿ ಮಲಗಿಸಿದೆ, ನನಗೆ ನಿದ್ದೆ ಹತ್ತಲಿಲ್ಲ. ನಿನ್ನ ಬೆನ್ನುನೋವು ಹೇಗಿದೆ? ಧಾರವಾಡದ ಚಳಿಗೆ ವೈನಿಯ ಕೆಮ್ಮು ಹೆಚ್ಚಾಗಿಲ್ಲ ತಾನೇ? ಇದನ್ನು ಬರೆದು, ಫೋಟೋ ತೆಗೆದು ನಿನ್ನ ವಾಟ್ಸಾಪಿಗೆ ಹಾಕುತ್ತೇನೆ.

ಮರ್ಜಿನಾ ಗೊತ್ತಲ್ಲ, ರೈಸ್ ಮಿಲ್ಲಿನ ಹಿಂದಿನ ಸಾಲುಮನೆಯವಳು, ಬಂಗಾಳದ ಕೂಚ್ ಬಿಹಾರದ ಕಡೆಯವಳು. ಬಾಣಂತನದಲ್ಲಿ ನನಗೆ ಹಾಲು ಇಳಿಯದಿದ್ದಾಗ ಹದಿನೈದು ದಿನ ನಮ್ಮ ಅನುಷಾಳಿಗೆ ತನ್ನ ಎದೆಹಾಲು ಕೊಟ್ಟವಳು. ಎಂಟು ದಿನದ ಹಿಂದೆ ಪೊಲೀಸರು ಬಂದು ಇವಳೂ ಸೇರಿ ಹನ್ನೊಂದು ಜನರನ್ನು ಬಾಂಗ್ಲಾದೇಶದವರೆಂದು ಜೀಪುಗಳಿಗೆ ಹತ್ತಿಸಿಕೊಂಡು ಹೋದರು. ಪಕ್ಕದ ಸಾಲಿನ ಒಡಿಶಾದವರನ್ನು ಯಾರೂ ಕೇಳಲಿಲ್ಲ. ಇವಳು ಆಧಾರ್ ತೋರಿಸಿದರೆ ಒಬ್ಬ ಪೇದೆ, “ಕಾರ್ಡ್ ಯಾರ್ ಬೇಕಾದ್ರೂ ಮಾಡಸ್ತಾರ. ನಿನ್ನ ಮಾರಿನ ಹೇಳತೈತಿ” ಅಂದ. ಅವಳ ಕೂಸು ನಮ್ಮ ತೊಟ್ಟಿಲಲ್ಲಿ ಮಲಗಿತ್ತು, ಎತ್ತಿಕೊಳ್ಳಲೂ ಬಿಡಲಿಲ್ಲ. ಜೀಪಿನೊಳಗಿಂದಲೇ, “ಅಕ್ಕಾ, ಹಾಲಿಗೆ ಎಡಗಡಿ ಹಾಕ್ಕೊರಿ, ಬಲಗಡಿ ಕುಡಿಯಂಗಿಲ್ಲ” ಅಂದಳು. ನಮ್ಮ ಅತ್ತೆ ಬಂದವರಿಗೆಲ್ಲ, “ನಮ್ಮ ಸೊಸಿ ಅವಳಿ ಹಡದಾಳ ನೋಡ್ರಿ” ಎಂದು ಚುಚ್ಚುತ್ತಿದ್ದಾರೆ.

ಮುಖ ಮಾತು ನೋಡಿ ಹಿಡಿಯುವುದರ ವಿರುದ್ಧ ನೀನು ಹೈಕೋರ್ಟಿಗೆ ಹಾಕಿದ ಅರ್ಜಿ ಇವತ್ತು ಹತ್ತೂವರೆಗೆ ವಿಚಾರಣೆಗೆ ಬರುತ್ತದೆ. ಆದರೆ ಅವರನ್ನು ಕೊಪ್ಪಳದಿಂದ ಬೆಳಗಿನ ಆರಕ್ಕೇ ವ್ಯಾನಿನಲ್ಲಿ ಬೆಂಗಳೂರಿಗೆ ಒಯ್ಯುತ್ತಾರಂತೆ, ಅಲ್ಲಿಂದ ಗಡಿಗೆ. ಸರ್ಕಾರದ ಕೈಯಲ್ಲಿರುವುದು ಮಿಲ್ಲಿನವರು ಕೊಟ್ಟ ಕೂಲಿಗಳ ಪಟ್ಟಿ. ಹನ್ನೊಂದೂ ಜನ ಬಾಂಗ್ಲಾದೇಶದಲ್ಲಿ ಹುಟ್ಟಿದವರೆಂದು ಅದರಲ್ಲಿದೆ. “ಅದನ್ನ ಬರದವ್ರು ಯಾರು, ಗೊತ್ತೈತೇನವಾ?” ಎಂದು ನಿನ್ನೆ ಕೇಳಿದೆಯಲ್ಲ. ಗೊತ್ತಿಲ್ಲ ಅಂದೆ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ
ಅನುಸೂಯಾ

ತಾ.ಕ.: ಆ ಪಟ್ಟಿ ಬರೆದವಳು ನಾನು ಅಣ್ಣಾ. ನಮ್ಮ ಮನೆಯವರು ಮಿಲ್ಲಿನ ಗುಮಾಸ್ತರಲ್ಲವೇ, “ನಿನ್ನ ಅಕ್ಷರ ಛಲೋ ಅದಾವ, ಬರದಿಡು” ಎಂದು ಪಟ್ಟಿ ಮನೆಗೆ ತಂದಿದ್ದರು. ಸಾಲುಮನೆಗೆ ಹೋಗಿ ಕೇಳಿದೆ; ಮೊದಲ ಹೆಸರಿನ ಮುದುಕ ತಾನು ಹುಟ್ಟಿದ್ದು ಗಡಿಯಾಚೆ ಅಂದ, ಬರೆದೆ. ಅವತ್ತು ಅನುಷಾಳಿಗೆ ಜ್ವರ. ಉಳಿದವರನ್ನು ಕೇಳುವ ತಾಳ್ಮೆ ಇರಲಿಲ್ಲ. ಅವನ ಊರಿನ ಕೆಳಗೆ ಎರಡೆರಡು ಸಣ್ಣ ಗೀಟು ಎಳೆದೆ, ಮೇಲಿನಂತೆಯೇ ಎಂದು, ಹತ್ತು ಸಲ. ಬಿ.ಎ. ಓದಿದ ಕೈ. ನೌಕರಿ ಹೋಗುತ್ತದೆಂದು ಇವರು ನನ್ನ ಕೈಯನ್ನು ಅನುಷಾಳ ತಲೆಯ ಮೇಲಿಡಿಸಿ ಆಣೆ ಮಾಡಿಸಿದ್ದಾರೆ. ಅದನ್ನು ಈಗ ಮುರಿದೆ. ಠಾಣೆಗೋ ಕೋರ್ಟಿಗೋ, ಎಲ್ಲಿ ಕರೆದರೂ ಬಂದು ಹೇಳುತ್ತೇನೆ. ನಾನಾಗಿ ಹೊರಡಲು ಕಾಲು ಬರುತ್ತಿಲ್ಲ; ನಿನ್ನ ಫೋನ್ ಬಂದರೆ ಹೊರಡುತ್ತೇನೆ. ಬೆಳಗಾಗಲು ಬಿಡಬೇಡ ಅಣ್ಣಾ, ಫೋನ್ ಮಾಡು.